ಚಿಕಿತ್ಸೆಯಿಂದ ಮರಳಿದವನ ಪಕ್ಕದಲ್ಲಿ ಕೂರುವವರು ಯಾರು?

(ಮಾದಕ ವ್ಯಸನದ ಕುರಿತು ಸಮಾಲೋಚಿಸಲು ಕರೆಯಲಾಗಿದ್ದ ಮೊಹಲ್ಲಾ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆಮಂತ್ರಣ ಪತ್ರದಲ್ಲಿ ನಮಗೆ ಕೊಟ್ಟಿರುವ ವಿಷಯ ‘ಮಾದಕ ದ್ರವ್ಯದ ವಿರುದ್ಧ ಸಮರ’. ಸಂಘಟಕರ ಕ್ಷಮೆ ಕೋರಿ ವಿಷಯವನ್ನು ತುಸು ಬದಲಾಯಿಸಿಕೊಳ್ಳುತ್ತೇವೆ. ಸಮರ ಸಾರುವ ಭಾಷಣಗಳು ಈ ಊರಿನಲ್ಲಿ ಬೇಕಾದಷ್ಟು ನಡೆದಿವೆ. ಮಾನವ ಸರಪಳಿ ಆಗಿದೆ, ಪ್ರತಿಜ್ಞಾ ಸ್ವೀಕಾರ ಆಗಿದೆ, ಬೈಕ್ ರ‍್ಯಾಲಿಯೂ ಆಗಿದೆ. ಆದರೆ ಚಿಕಿತ್ಸೆ ಮುಗಿಸಿ ಆಸ್ಪತ್ರೆಯಿಂದ ಮನೆಗೆ ಬಂದ ಹುಡುಗ ಮರುದಿನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು, ಯಾರ ಬಳಿ ಕೂರಬೇಕು ಎಂಬ ಪ್ರಶ್ನೆಯನ್ನು ಈ ಯಾವ ರ‍್ಯಾಲಿಯೂ ಎತ್ತಿಲ್ಲ. ನಾವು ಇಂದು ಮಾತನಾಡಲಿರುವುದು ಆ ಬೆಳಗಿನ ಬಗ್ಗೆ.

ಅದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ ಇದೆ.

ನಾವು ಪತ್ರಿಕಾ ವೃತ್ತಿಗೆ ಬಂದ ಹೊಸದರಲ್ಲಿ ಬೇರೊಂದು ಪತ್ರಿಕೆಯಲ್ಲಿ ವರದಿಗಾರರಾಗಿದ್ದೆವು. ಪೊಲೀಸರು ಬ್ರೌನ್ ಶುಗರ್ ಸಹಿತ ಒಬ್ಬ ತರುಣನನ್ನು ಹಿಡಿದಿದ್ದರು. ಮೀನುಗಾರಿಕಾ ಬಂದರಿನಲ್ಲಿ ಹೊರೆ ಹೊರುವ ಕೆಲಸ ಅವನದು. ಬೆನ್ನುನೋವಿಗೆಂದು ಔಷಧ ಅಂಗಡಿಯಿಂದ ತಂದ ಮಾತ್ರೆಯಿಂದ ಆರಂಭವಾಗಿ ಅಲ್ಲಿಗೆ ತಲುಪಿದ್ದ. ಇದು ನಮಗೆ ಆಗ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಗೋಜಿಗೂ ಹೋಗಲಿಲ್ಲ. ಅವನ ಹೆಸರು, ತಂದೆಯ ಹೆಸರು, ಬೀದಿ, ಮನೆಯ ಸನಿಹದ ಮಸೀದಿ ಎಲ್ಲವನ್ನೂ ಬರೆದೆವು. ಸುದ್ದಿ ಮೂರು ಕಾಲಂಗಳಲ್ಲಿ ಬಂತು. ವಾರದೊಳಗೆ ಅವನ ತಂಗಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ಜಾಮೀನಿನ ಮೇಲೆ ಬಂದವನನ್ನು ಮನೆಯವರು ದೂರದ ಊರಿನ ಒಂದು ‘ವ್ಯಸನ ಮುಕ್ತಿ ಕೇಂದ್ರ’ಕ್ಕೆ ಸೇರಿಸಿದರು. ಅಲ್ಲಿ ಔಷಧವಿರಲಿಲ್ಲ, ಬಾಗಿಲಿಗೆ ಬೀಗವಿತ್ತು. ಮೂರು ತಿಂಗಳ ಬಳಿಕ ದೇಹ ತುಂಬಿಕೊಂಡು, ಗಡ್ಡ ಬಿಟ್ಟುಕೊಂಡು ಮರಳಿ ಬಂದ. ಎಲ್ಲರೂ ಅಲ್‌ಹಮ್ದುಲಿಲ್ಲಾಹ್ ಎಂದರು. ಹತ್ತನೇ ದಿನ ಬಾಡಿಗೆ ಕೋಣೆಯೊಂದರಲ್ಲಿ ಅವನ ಮಯ್ಯಿತ್ ಸಿಕ್ಕಿತು.

ಜನಾಝಾ ಮುಗಿಸಿ ಮನೆಗೆ ಹೋದಾಗ ಅವನ ತಾಯಿ ನಮ್ಮನ್ನು ಗುರುತಿಸಿದರು. ಬೈಯಲಿಲ್ಲ. “ನೀವು ಬರೆದ ಪೇಪರ್‌ನ ತುಂಡನ್ನು ಅವನು ಪರ್ಸ್‌ನಲ್ಲಿ ಮಡಚಿ ಇಟ್ಟುಕೊಂಡಿದ್ದ ಮಗಾ, ಯಾಕೆ ಅಂತ ಕೇಳಿದರೆ ಹೇಳುತ್ತಿರಲಿಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಹತ್ತು ದಿನಗಳಲ್ಲಿ ಏನಾಯಿತೆಂಬುದನ್ನು ತಿಳಿಯಲು ನಾವು ಕೆಲವು ವರ್ಷ ವೈದ್ಯರನ್ನು, ಚಿಕಿತ್ಸೆಯಲ್ಲಿರುವವರನ್ನು ಹುಡುಕಿಕೊಂಡು ಹೋದೆವು. ಇಲ್ಲಿ ಹೇಳುತ್ತಿರುವುದು ಅವರಿಂದ ಕಲಿತದ್ದು.

ಅಫೀಮು, ಅದರಿಂದ ತೆಗೆದ ಮಾರ್ಫಿನ್, ಹೆರಾಯಿನ್, ಅದರ ಕಲಬೆರಕೆ ರೂಪವಾದ ಬ್ರೌನ್ ಶುಗರ್, ಕಾರ್ಖಾನೆಯಲ್ಲಿ ತಯಾರಾಗುವ ಟ್ರಮಡಾಲ್, ಟ್ಯಾಪೆಂಟಡಾಲ್‌ನಂತಹ ನೋವಿನ ಮಾತ್ರೆಗಳು ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವು. ಈ ಕುಟುಂಬವನ್ನು ಓಪಿಯಾಯ್ಡ್ ಎನ್ನುತ್ತಾರೆ. ಗಾಂಜಾ ಇದರಲ್ಲಿಲ್ಲ, ಈಗ ನಗರಗಳಲ್ಲಿ ಸುದ್ದಿಯಾಗುತ್ತಿರುವ ಎಂಡಿಎಂಎ ಕೂಡ ಇಲ್ಲ. ನಮ್ಮ ಭಾಷಣಗಳಲ್ಲಿ ಎಲ್ಲವನ್ನೂ ‘ಡ್ರಗ್ಸ್’ ಎಂಬ ಒಂದೇ ಗೋಣಿಗೆ ತುಂಬುವುದರಿಂದ ಆಗುವ ಅನಾಹುತ ದೊಡ್ಡದು, ಏಕೆಂದರೆ ಓಪಿಯಾಯ್ಡ್ ವ್ಯಸನಕ್ಕೆ ಪರಿಣಾಮಕಾರಿಯಾದ ಔಷಧ ಇದೆ. ಇತರ ಹಲವಕ್ಕೆ ಅಂತಹದು ಇಲ್ಲ.

ದೆಹಲಿಯ ಏಮ್ಸ್ ಸಂಸ್ಥೆಯು ಕೇಂದ್ರ ಸರಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಓಪಿಯಾಯ್ಡ್ ಬಳಸುವವರು ಸುಮಾರು 2.26 ಕೋಟಿ. ಇವರಲ್ಲಿ ಅಫೀಮಿಗಿಂತ ಹೆರಾಯಿನ್ ಬಳಸುವವರೇ ಹೆಚ್ಚು. ಅಕ್ರಮ ಮಾದಕ ದ್ರವ್ಯಗಳ ದಾಸರಾದ 20 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಗುತ್ತಿದೆ ಎಂದೂ ಆ ವರದಿ ಹೇಳಿತು. ಉಳಿದ ಹತ್ತೊಂಬತ್ತು ಮಂದಿಯನ್ನು ನಾವು ಸಮರದಲ್ಲಿ ಶತ್ರುಗಳೆಂದು ಎಣಿಸುತ್ತಿದ್ದೇವೆಯೇ?

ಓಪಿಯಾಯ್ಡ್ ಕೆಲವು ಕಾಲ ನಿರಂತರವಾಗಿ ದೇಹ ಸೇರಿದರೆ ಮೆದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಅದೇ ಪರಿಣಾಮಕ್ಕೆ ಹೆಚ್ಚು ಹೆಚ್ಚು ಪ್ರಮಾಣ ಬೇಕಾಗುತ್ತದೆ. ನಿಲ್ಲಿಸಿದರೆ ಮೂಗು ಸೋರುತ್ತದೆ, ಆಕಳಿಕೆ ನಿಲ್ಲುವುದಿಲ್ಲ, ಮೂಳೆ ಮೂಳೆಯೂ ನೋಯುತ್ತದೆ, ವಾಂತಿ ಭೇದಿಯಾಗುತ್ತದೆ, ನಿದ್ರೆ ಹಾರಿಹೋಗುತ್ತದೆ. ಆ ಹೊತ್ತಿಗೆ ಅವನು ಸುಖಕ್ಕಾಗಿ ಬಳಸುತ್ತಿರುವುದಿಲ್ಲ, ಎದ್ದು ನಿಲ್ಲುವುದಕ್ಕಾಗಿ ಬಳಸುತ್ತಿರುತ್ತಾನೆ. ಒಂದೆರಡು ವಾರ ಕೂಡಿಹಾಕಿದರೆ ಈ ಯಾತನೆ ಇಳಿಯುತ್ತದೆ ನಿಜ. ಆದರೆ ಹಂಬಲ ಇಳಿಯುವುದಿಲ್ಲ, ಅದಕ್ಕೆ ತಿಂಗಳುಗಳು, ವರ್ಷಗಳು ಬೇಕು. ಇಳಿಯುವುದು ಇನ್ನೊಂದು: ದೇಹದ ಸಹನಶಕ್ತಿ. ಮೂರು ತಿಂಗಳು ದೂರವಿದ್ದವನು ಒಂದು ದುರ್ಬಲ ಗಳಿಗೆಯಲ್ಲಿ ತನ್ನ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟ ನಿಧಾನವಾಗಿ ನಿಂತುಹೋಗುತ್ತದೆ. ಚಿಕಿತ್ಸಾ ಕೇಂದ್ರದಿಂದಲೋ ಜೈಲಿನಿಂದಲೋ ಹೊರಬಂದ ಮೊದಲ ವಾರಗಳೇ ಅತ್ಯಂತ ಅಪಾಯಕಾರಿ ಎಂದು ವೈದ್ಯರು ಹೇಳುವುದು ಈ ಕಾರಣಕ್ಕೆ. ನಮ್ಮ ಬಂದರಿನ ತರುಣ ಸತ್ತದ್ದು ಹಾಗೆ. ಅವನು ‘ಗುಣವಾಗಿ’ ಬಂದದ್ದರಿಂದಲೇ ಸತ್ತ ಎಂದರೆ ವಿಚಿತ್ರವೆನಿಸಬಹುದು.

ಹಾಗಾದರೆ ಔಷಧ ಯಾವುದು? 1960ರ ದಶಕದಲ್ಲಿ ನ್ಯೂಯಾರ್ಕ್‌ನ ವೈದ್ಯರಾದ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಅವರು ಹೆರಾಯಿನ್ ವ್ಯಸನಿಗಳಿಗೆ ದಿನಕ್ಕೊಮ್ಮೆ ಮೆಥಡೋನ್ ಕೊಟ್ಟು ನೋಡಿದರು. ಅವರು ಹಂಬಲದಿಂದ ಬಿಡುಗಡೆ ಹೊಂದಿ ಕೆಲಸಕ್ಕೆ, ಓದಿಗೆ ಮರಳತೊಡಗಿದರು. ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬುಪ್ರೆನಾರ್ಫಿನ್, ನಾಲಿಗೆಯಡಿ ಇಟ್ಟು ಕರಗಿಸುವ ಮಾತ್ರೆ. ಇದು ಮೆದುಳಿನಲ್ಲಿ ಹೆರಾಯಿನ್ ಕೂರುವ ಜಾಗದಲ್ಲೇ ಕೂತು, ಅರೆಪಾಲು ಮಾತ್ರ ಕೆಲಸ ಮಾಡುತ್ತದೆ. ಯಾತನೆಯನ್ನು ತಡೆಯುತ್ತದೆ, ನಶೆ ಏರಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಈ ಎರಡೂ ಔಷಧಗಳನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಈ ಚಿಕಿತ್ಸೆಯಲ್ಲಿ ಉಳಿದವರ ಸಾವಿನ ಪ್ರಮಾಣ, ಬಿಟ್ಟುಹೋದವರಿಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ‘ಉಳಿದವರ’ ಎಂಬ ಪದವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಅದಕ್ಕೆ ಮರಳುತ್ತೇವೆ.

ಇಲ್ಲಿ ನಮ್ಮ ಹಿರಿಯರಿಂದ ಒಂದು ಆಕ್ಷೇಪ ಬರುತ್ತದೆ. ಒಂದು ನಶೆ ಬಿಡಿಸಿ ಇನ್ನೊಂದು ನಶೆ ಹಿಡಿಸುವುದು ಎಂತಹ ಚಿಕಿತ್ಸೆ? ಮದ್ರಸದಲ್ಲಿ ಕಲಿತವರಾಗಿ ನಮಗೂ ಇದೇ ಸಂಶಯವಿತ್ತು. ಇದಕ್ಕೆ ಫತ್ವಾ ಕೊಡುವ ಯೋಗ್ಯತೆ ನಮಗಿಲ್ಲ. ಆದರೆ ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದ ಮುಸ್ಲಿಮ್ ಸಮಾಜಗಳಿವೆ. ಮಾದಕ ಸಾಗಾಟದ ಅಪರಾಧಕ್ಕೆ ನೂರಾರು ಮಂದಿಯನ್ನು ಗಲ್ಲಿಗೇರಿಸಿದ ರಾಷ್ಟ್ರ ಇರಾನ್. ಗಲ್ಲಿನಿಂದ ವ್ಯಸನ ಕಡಿಮೆಯಾಗಲಿಲ್ಲ, ಸೂಜಿಯ ಮೂಲಕ ಎಚ್‌ಐವಿ ಹರಡತೊಡಗಿತು. 2005ರ ಜನವರಿಯಲ್ಲಿ ಅಲ್ಲಿನ ನ್ಯಾಯಾಂಗದ ಮುಖ್ಯಸ್ಥರಾಗಿದ್ದ ಆಯತುಲ್ಲಾ ಶಾಹ್ರೂದಿಯವರು ಮೆಥಡೋನ್ ಚಿಕಿತ್ಸೆಗೂ ಶುದ್ಧ ಸೂಜಿ ವಿತರಣೆಗೂ ಅಡ್ಡಿಪಡಿಸಬಾರದೆಂದು ನ್ಯಾಯಾಧೀಶರಿಗೆ ಸುತ್ತೋಲೆ ಕಳುಹಿಸಿದರು. ಮಲೇಶ್ಯಾದ ಕೌಲಾಲಂಪುರದಲ್ಲಿ ಮಲಾಯಾ ವಿಶ್ವವಿದ್ಯಾಲಯದ ಸಮೀಪದ ಅರ್ರಹ್ಮಾನ್ ಮಸೀದಿಯ ಆವರಣದಲ್ಲೇ ಮೆಥಡೋನ್ ಚಿಕಿತ್ಸೆ ಆರಂಭಿಸಲಾಯಿತು. ಜೀವ ಉಳಿಸುವ ತುರ್ತಿನ ಬಗ್ಗೆ ಫಿಕ್ಹ್‌ನಲ್ಲಿ ಏನಿದೆಯೆಂದು ವೇದಿಕೆಯಲ್ಲಿರುವ ಉಲಮಾಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಸಕ್ಕರೆ ಕಾಯಿಲೆಯವನು ನಿತ್ಯ ಇನ್ಸುಲಿನ್ ಚುಚ್ಚಿಕೊಂಡರೆ ಅವನನ್ನು ಯಾರೂ ಇನ್ಸುಲಿನ್ ವ್ಯಸನಿ ಎನ್ನುವುದಿಲ್ಲ.

ಇನ್ನು ಒಡನಾಡಿಯ ವಿಷಯ.

ಬೆಂಗಳೂರಿನ ಒಂದು ಚಿಕಿತ್ಸಾ ಕೇಂದ್ರದ ಹೊರಗೆ ನಮಗೆ ಒಬ್ಬ ಆಟೊ ಚಾಲಕರ ಪರಿಚಯವಾಯಿತು. ಆರು ವರ್ಷಗಳಿಂದ ಬುಪ್ರೆನಾರ್ಫಿನ್ ಚಿಕಿತ್ಸೆಯಲ್ಲಿರುವವರು. ತಮ್ಮ ಔಷಧಕ್ಕೆ ಬಂದ ದಿನ ಅವರು ಬೇಗ ಹೋಗುವುದಿಲ್ಲ. ಹೊಸದಾಗಿ ಸೇರಿದವನ ಪಕ್ಕದಲ್ಲಿ ಬೆಂಚಿನ ಮೇಲೆ ಕೂರುತ್ತಾರೆ. ಮಾತ್ರೆ ನಾಲಿಗೆಯಡಿ ಪೂರ್ತಿ ಕರಗಲು ಐದರಿಂದ ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಮಾತನಾಡುವಂತಿಲ್ಲ, ಉಗುಳು ನುಂಗುವಂತಿಲ್ಲ, ನೀರು ಕುಡಿಯುವಂತಿಲ್ಲ. “ಅದೇ ಒಳ್ಳೆಯ ಸಮಯ ಸರ್. ಅವನಿಗೆ ಸುಳ್ಳು ಹೇಳುವ ಅವಕಾಶವಿಲ್ಲ, ನನಗೆ ಉಪದೇಶ ಮಾಡುವ ಅವಕಾಶವಿಲ್ಲ. ಇಬ್ಬರೂ ಸುಮ್ಮನೆ ಕೂರುತ್ತೇವೆ. ಆಮೇಲೆ ಚಹಾ ಕುಡಿಸುತ್ತೇನೆ” ಎಂದರು ಅವರು. ಆ ಚಹಾದ ಹೊತ್ತಿನಲ್ಲಿ ಅವರು ಹೇಳುವುದು ಬಹಳ ಸಣ್ಣ ಸಂಗತಿಗಳು: ಮನೆಗೆ ಹೋಗುವಾಗ ಯಾವ ರಸ್ತೆ ಬೇಡ, ಮೊದಲ ಸಂಬಳವನ್ನು ಯಾರ ಕೈಗೆ ಕೊಡಬೇಕು, ಮಾತ್ರೆಯಿಂದ ಮಲಬದ್ಧತೆಯಾದರೆ ವೈದ್ಯರಿಗೆ ನಾಚಿಕೆ ಬಿಟ್ಟು ಹೇಳು, ಹಳೆಯ ಗೆಳೆಯ ಫೋನ್ ಮಾಡಿದರೆ ಎತ್ತುವ ಮೊದಲು ನನಗೆ ಮಾಡು. ರಾತ್ರಿ ಎರಡು ಗಂಟೆಗೂ ಅವರ ಫೋನ್ ಬಡಿಯುತ್ತದೆಯಂತೆ. ಮಡದಿ ಮೊದಮೊದಲು ಸಿಡುಕುತ್ತಿದ್ದರು, ಈಗ ಅವರೇ ಎಬ್ಬಿಸುತ್ತಾರೆ.

ಈ ಕೆಲಸವನ್ನು ವೈದ್ಯರು ಮಾಡಲಾರರು, ಅವರಿಗೆ ಸಮಯವಿಲ್ಲ. ತಂದೆ ಮಾಡಲಾರರು, ಅವರಿಗೆ ನೋವಾಗಿದೆ. ಖತೀಬರು ಮಾಡಲಾರರು, ಅವರ ಮುಂದೆ ಹುಡುಗ ತಲೆಯೆತ್ತುವುದಿಲ್ಲ. ಆ ನರಕವನ್ನು ಕಂಡು ಬಂದವನೇ ಬೇಕು.

1935ರ ಮೇ ತಿಂಗಳಲ್ಲಿ ಅಮೆರಿಕದ ಆ್ಯಕ್ರನ್ ಎಂಬ ಊರಿನ ಹೋಟೆಲೊಂದರಲ್ಲಿ ಬಿಲ್ ವಿಲ್ಸನ್ ಎಂಬ ವ್ಯಾಪಾರಿ ತಂಗಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೆಟ್ಟಿತ್ತು. ಹೋಟೆಲಿನ ಬಾರ್ ಕಣ್ಣೆದುರಿಗಿತ್ತು. ಅವರು ಬಾರ್‌ಗೆ ಹೋಗುವ ಬದಲು ಊರಿನವರಿಗೆ ಫೋನ್ ಮಾಡಿ, ಮಾತನಾಡಲು ಇನ್ನೊಬ್ಬ ಕುಡುಕನನ್ನು ಹುಡುಕಿಕೊಡಿ ಎಂದರು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಆ ಭೇಟಿಯಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಗಮನಿಸಿ, ವಿಲ್ಸನ್ ಆ ದಿನ ಯಾರನ್ನೋ ಉದ್ಧರಿಸಲು ಹೊರಟವರಲ್ಲ. ತಾವು ಉಳಿಯಲು ಅವರಿಗೆ ಇನ್ನೊಬ್ಬ ಬೇಕಾಗಿದ್ದ. ಮಾದಕ ವ್ಯಸನಿಗಳಿಗಾಗಿ 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾರ್ಕೊಟಿಕ್ಸ್ ಅನಾನಿಮಸ್ ಆರಂಭವಾಯಿತು. ಇಂದು ಅದರ ಅತಿದೊಡ್ಡ ಸಮೂಹಗಳಲ್ಲೊಂದು ಇರಾನಿನಲ್ಲಿದೆ. 1989ರಲ್ಲಿ ಬಾಲ್ಟಿಮೋರ್‌ನ ಮುಸ್ಲಿಮರು ಇದೇ ಹಾದಿಯಲ್ಲಿ ‘ಮಿಲ್ಲತಿ ಇಸ್ಲಾಮಿ’ ಎಂಬ ಬಳಗ ಕಟ್ಟಿದರು. ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಧರ್ಮಸ್ಥಳದ ಯೋಜನೆಯವರು ಜನಜಾಗೃತಿ ವೇದಿಕೆಯ ಮೂಲಕ ಹಳ್ಳಿಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುವುದನ್ನು ನೀವು ಕಂಡಿದ್ದೀರಿ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರನ್ನು ‘ನವಜೀವನ ಸಮಿತಿ’ಗಳಲ್ಲಿ ಸೇರಿಸುತ್ತಾರೆ. ಶಿಬಿರ ಕೆಲವೇ ದಿನಗಳದ್ದು, ಸಮಿತಿ ಮುಂದಿನ ಕಾಲಕ್ಕೆ. ಒಳ್ಳೆಯದು ನೆರೆಮನೆಯಲ್ಲಿದ್ದರೂ ಹೋಗಿ ಕಲಿಯಬೇಕಾದವರು ನಾವು.

ಮಣಿಪುರದ ಅನುಭವವೂ ಇಲ್ಲಿ ಪ್ರಸ್ತುತ. ಮ್ಯಾನ್ಮಾರ್ ಗಡಿಯಿಂದ ಬಂದ ಹೆರಾಯಿನ್ 1980ರ ದಶಕದಲ್ಲಿ ಇಂಫಾಲದ ಯುವಕರ ರಕ್ತನಾಳ ಸೇರಿತು. ದಶಕದ ಕೊನೆಯ ವೇಳೆಗೆ ಅದೇ ಸೂಜಿಗಳಲ್ಲಿ ಎಚ್‌ಐವಿ ಬಂತು. ಮೈತೇಯಿ, ನಾಗಾ, ಕುಕಿ, ಅಲ್ಲಿನ ಪಂಗಲ್ ಮುಸ್ಲಿಮರು ಯಾರನ್ನೂ ಅದು ಬಿಡಲಿಲ್ಲ. ಹೊಡೆತ, ಬಂಧನ, ಬಹಿಷ್ಕಾರ ಎಲ್ಲವೂ ನಡೆದ ಬಳಿಕ ಮಾಜಿ ವ್ಯಸನಿಗಳೇ ಸಂಘಟನೆ ಕಟ್ಟಿ ಓಣಿ ಓಣಿಗೆ ಹೋದರು. ಇಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಾರ್ಯಕ್ರಮಗಳಲ್ಲಿ ಇಂತಹ ಒಡನಾಡಿ ಕಾರ್ಯಕರ್ತರು ಅಧಿಕೃತವಾಗಿಯೇ ಇದ್ದಾರೆ. ಗೌರವಧನ ಮಾತ್ರ ಗೌರವವೂ ಅಲ್ಲ, ಧನವೂ ಅಲ್ಲ ಎಂಬಷ್ಟಿದೆ.

ಒಡನಾಡಿಯೊಬ್ಬನಿಂದಲೇ ವ್ಯಸನ ಗುಣವಾಗುತ್ತದೆಂದು ನಾವು ಹೇಳುತ್ತಿಲ್ಲ. ಗುಣಪಡಿಸುವ ಕೆಲಸ ಔಷಧದ್ದು, ವೈದ್ಯರದ್ದು. ಆದರೆ ಔಷಧ ಜೀವ ಉಳಿಸುವುದು ಚಿಕಿತ್ಸೆಯಲ್ಲಿ ಉಳಿದವರದ್ದು ಎಂದೆವಲ್ಲ, ಆ ಉಳಿಯುವಿಕೆ ಒಡನಾಡಿಯ ಕ್ಷೇತ್ರ. ಬಹಳ ಮಂದಿ ಚಿಕಿತ್ಸೆ ಬಿಡುವುದು ಮೊದಲ ತಿಂಗಳುಗಳಲ್ಲಿ. ‘ಈಗ ಸರಿಯಾಗಿದ್ದೀಯಲ್ಲ, ಇನ್ನೂ ಎಷ್ಟು ದಿನ ಆ ಮಾತ್ರೆ?’ ಎಂದು ಮನೆಯವರು ಕೇಳುವಾಗ, ‘ನಾನು ಆರು ವರ್ಷದಿಂದ ತಿನ್ನುತ್ತಿದ್ದೇನೆ, ಆಟೊ ಓಡಿಸುತ್ತಿದ್ದೇನೆ, ಮಗಳ ಶಾಲೆಯ ಶುಲ್ಕ ಕಟ್ಟಿದ್ದೇನೆ’ ಎನ್ನಲು ಒಬ್ಬ ಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಾರ್ಕೊಟಿಕ್ಸ್ ಅನಾನಿಮಸ್‌ನ ಎಷ್ಟೋ ಕೂಟಗಳಲ್ಲಿ ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ತೆಗೆದುಕೊಳ್ಳುವವನನ್ನು ಪೂರ್ತಿ ಶುದ್ಧನಾದವನೆಂದು ಎಣಿಸುವುದಿಲ್ಲ. ಅವನು ಮಾತ್ರೆಯ ವಿಷಯ ಮುಚ್ಚಿಟ್ಟು ಕೂರಬೇಕಾಗುತ್ತದೆ, ಇಲ್ಲವೇ ಅವಸರದಲ್ಲಿ ಮಾತ್ರೆ ಬಿಟ್ಟು ಅಪಾಯಕ್ಕೆ ಸಿಲುಕುತ್ತಾನೆ. ನಾವು ಕೂಟ ಕಟ್ಟುವುದಾದರೆ ಈ ತಪ್ಪು ಮಾಡಬಾರದು. ಮಾತ್ರೆ ಬಿಡು ಎಂದು ಹೇಳುವ ಅಧಿಕಾರ ಕೂಟದ ಯಾರಿಗೂ ಇರಬಾರದು, ಅದೆಷ್ಟೇ ಧಾರ್ಮಿಕ ಹುರುಪಿನಿಂದ ಬಂದರೂ. ಒಡನಾಡಿಗಳೂ ಮನುಷ್ಯರು, ಅವರೂ ಜಾರುತ್ತಾರೆ. ಹತ್ತು ಮಂದಿಯ ಭಾರವನ್ನು ಒಬ್ಬನ ಹೆಗಲಿಗೆ ಹೇರಿದರೆ ಹನ್ನೊಂದನೆಯವನಾಗಿ ಅವನೂ ಬೀಳುತ್ತಾನೆ. ಮಹಿಳೆಯರ ವಿಷಯ ಇನ್ನೂ ಕಷ್ಟದ್ದು. ನೋವಿನ ಮಾತ್ರೆಗೆ ಸಿಲುಕಿದ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿಲ್ಲ ಎಂದು ಭಾವಿಸಿಕೊಂಡಿದ್ದೇವೆ. ಅವರು ಯಾವ ಕೇಂದ್ರದ ಬೆಂಚಿನ ಮೇಲೂ ಕಾಣಿಸುವುದಿಲ್ಲ. ಸಹೋದರಿಯರ ವಿಭಾಗದಿಂದಲೇ ಇದಕ್ಕೆ ಯಾರಾದರೂ ಮುಂದೆ ಬರಬೇಕಾಗುತ್ತದೆ.

ಸರಕಾರದ ಬಗ್ಗೆ ಒಂದು ಮಾತು ಹೇಳದೆ ಮುಂದುವರಿಯುವುದು ಸಾಧ್ಯವಿಲ್ಲ. 1985ರ ಎನ್‌ಡಿಪಿಎಸ್ ಕಾನೂನಿನ 27ನೇ ಕಲಮು ಸೇವನೆಗೂ ಜೈಲು ವಿಧಿಸುತ್ತದೆ. ಅದೇ ಕಾನೂನಿನ 64ಎ ಕಲಮು, ಸ್ವಯಂ ಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ವಿಚಾರಣೆಯಿಂದ ರಕ್ಷಣೆ ನೀಡುತ್ತದೆ. ಮೊದಲನೆಯದು ಎಲ್ಲ ಠಾಣೆಗಳಿಗೂ ಬಾಯಿಪಾಠ, ಎರಡನೆಯದು ಎಷ್ಟು ವಕೀಲರಿಗೆ ನೆನಪಿದೆ? 2018ರ ರಾಷ್ಟ್ರೀಯ ಕ್ರಿಯಾ ಯೋಜನೆಯಲ್ಲಿ ಒಡನಾಡಿಗಳೇ ಮುನ್ನಡೆಸುವ ಸಮುದಾಯ ಕಾರ್ಯಕ್ರಮದ ಪ್ರಸ್ತಾಪವಿದೆ. 2020ರ ಆಗಸ್ಟ್ 15ರಂದು ನಶಾಮುಕ್ತ ಭಾರತ ಅಭಿಯಾನ 272 ಜಿಲ್ಲೆಗಳಲ್ಲಿ ಆರಂಭವಾಯಿತು. ಕಾಗದದಲ್ಲಿ ಕೊರತೆಯಿಲ್ಲ. ಆದರೆ ಪತ್ರಿಕಾಗೋಷ್ಠಿಯ ಮೇಜಿನ ಮೇಲೆ ಜೋಡಿಸಿಡುವುದು ವಶಪಡಿಸಿಕೊಂಡ ಪೊಟ್ಟಣಗಳನ್ನು. ಚಿಕಿತ್ಸೆಯಲ್ಲಿ ಒಂದು ವರ್ಷ ಪೂರೈಸಿದವರ ಸಂಖ್ಯೆಯನ್ನು ಯಾವ ಅಧಿಕಾರಿಯೂ ಓದಿ ಹೇಳಿದ್ದನ್ನು ನಾವು ಕೇಳಿಲ್ಲ. ಇನ್ನೊಂದೆಡೆ, ನಮ್ಮದೇ ದೇಶದ ಕಾರ್ಖಾನೆಯಲ್ಲಿ ತಯಾರಾದ ಟ್ಯಾಪೆಂಟಡಾಲ್ ಮಿಶ್ರಿತ ಮಾತ್ರೆಗಳು ಪಶ್ಚಿಮ ಆಫ್ರಿಕಾದ ಯುವಕರನ್ನು ಹಾಳುಗೆಡಹುತ್ತಿವೆಯೆಂದು ಬಿಬಿಸಿ ಬಯಲಿಗೆಳೆದ ಮೇಲಷ್ಟೇ, 2025ರ ಫೆಬ್ರವರಿಯಲ್ಲಿ ಆ ಮಿಶ್ರಣದ ತಯಾರಿ ಮತ್ತು ರಫ್ತಿಗೆ ತಡೆ ಬಿತ್ತು.

ರಾಜಕೀಯದವರಿಗೆ ಇದರಲ್ಲೂ ಧರ್ಮ ಬೇಕು. 2021ರ ಸೆಪ್ಟೆಂಬರ್‌ನಲ್ಲಿ ಕೇರಳದ ಬಿಷಪರೊಬ್ಬರ ಬಾಯಿಂದ ‘ನಾರ್ಕೊಟಿಕ್ ಜಿಹಾದ್’ ಎಂಬ ಪದ ಬಂದಾಗ ಅದಕ್ಕೆ ಎಷ್ಟು ಬೇಗ ರೆಕ್ಕೆ ಬಂತೆಂಬುದನ್ನು ಕಂಡಿದ್ದೇವೆ. ಆರೋಪಿಯ ಹೆಸರು ನೋಡಿ ಶೀರ್ಷಿಕೆಯ ಗಾತ್ರ ನಿರ್ಧರಿಸುವ ಪತ್ರಿಕೋದ್ಯಮ ನಮ್ಮದು. ಇದರಿಂದ ನಮ್ಮವರು ಇನ್ನಷ್ಟು ಮುಚ್ಚಿಡುತ್ತಾರೆ. ಇದು ಅರ್ಥವಾಗುವಂತಹದ್ದೇ. ಆದರೆ ಹೊರಗಿನವರ ಅಪಪ್ರಚಾರಕ್ಕೆ ಹೆದರಿ ಒಳಗಿನವರನ್ನು ಹೂಳುವುದನ್ನು ಸಮುದಾಯದ ಮಾನರಕ್ಷಣೆ ಎನ್ನಲು ಸಾಧ್ಯವೇ? ವ್ಯಸನಿಗಳ ಮನೆಯ ನಿಕಾಹ್‌ಗೆ ಸಹಕರಿಸುವುದಿಲ್ಲವೆಂದು ಕೆಲವು ಜಮಾಅತ್‌ಗಳು ನಿರ್ಣಯ ಕೈಗೊಂಡ ಸುದ್ದಿಯನ್ನು ಕರಾವಳಿಯಲ್ಲಿ ಕೇಳುತ್ತೇವೆ. ಮಾರುವವನ ವಿಷಯದಲ್ಲಿ ಕಠಿಣವಾಗಿರಲಿ, ಅದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಬಲಿಯಾದವನನ್ನೂ ಅವನ ತಂಗಿಯನ್ನೂ ಅದೇ ಪಟ್ಟಿಗೆ ಸೇರಿಸಿದರೆ ಚಿಕಿತ್ಸೆಗೆ ಹೋಗುವವರು ಯಾರು? ಕುಡಿತಕ್ಕಾಗಿ ಶಿಕ್ಷೆಗೊಳಗಾದವನನ್ನು ಶಪಿಸಿದವರನ್ನು ಪ್ರವಾದಿಯವರು(ಸ) ತಡೆದ ಘಟನೆ ನಮ್ಮ ಮಿಂಬರ್‌ಗಳಲ್ಲಿ ಎಷ್ಟು ಅಪರೂಪಕ್ಕೆ ಕೇಳಿಬರುತ್ತದೆ!

ಈಗ ನಾವು ಈ ಸಭೆಯಿಂದ ಬಯಸುವುದನ್ನು ಹೇಳಿಬಿಡುತ್ತೇವೆ.

ನಮಗೊಂದು ಕೋಣೆ ಬೇಕು. ಮದ್ರಸದ ಹಿಂಬದಿಯಲ್ಲಿ ಹಳೆಯ ಬೆಂಚುಗಳನ್ನು ತುಂಬಿಟ್ಟಿರುವ ಕೋಣೆ ಸಾಕು. ರಸ್ತೆಯಿಂದ ಅದಕ್ಕೆ ಪ್ರತ್ಯೇಕ ಬಾಗಿಲಿದೆ. ವಾರಕ್ಕೆ ಒಂದು ಸಂಜೆ, ಮಗ್ರಿಬ್ ನಂತರ. ಬರುವವರ ಹೆಸರು ಬರೆದಿಡುವ ಪುಸ್ತಕವಿರಬಾರದು, ಬಾಗಿಲಲ್ಲಿ ಬ್ಯಾನರ್ ಇರಬಾರದು. ಜಮಾಅತ್ ಪದಾಧಿಕಾರಿಗಳು ಮೊದಲ ದಿನ ಬೀಗದ ಕೈ ಕೊಟ್ಟು ಹೋಗಲಿ, ಒಳಗೆ ಬರಬೇಕಾಗಿಲ್ಲ. ಫೋಟೋ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುವ ನಮ್ಮ ಸಮಾಜಸೇವೆಗೆ ಆ ಒಂದು ಗಂಟೆ ರಜೆ ಕೊಡಿ. ಹಿಂದೂ, ಕ್ರೈಸ್ತ ಹುಡುಗರು ಬಂದರೆ ಅವರಿಗೂ ಅದೇ ಬೆಂಚು.

ಚಿಕಿತ್ಸೆಗೆ ಎಲ್ಲಿ ಹೋಗಬೇಕೆಂದು ತಿಳಿಯದವರಿಗೆ ಸರಕಾರದ ಉಚಿತ ಸಹಾಯವಾಣಿ 14446 ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಜೊತೆಗೆ ಹೋಗಲು ಒಬ್ಬ ಬೇಕಾದರೆ, ಅದಕ್ಕೂ ಜನ ಸಿದ್ಧರಿದ್ದಾರೆ. ಉಸಿರು ನಿಲ್ಲುತ್ತಿರುವವನನ್ನು ಎಬ್ಬಿಸುವ ನಲೋಕ್ಸೋನ್ ಎಂಬ ಔಷಧವನ್ನು ಆತನ ಒಡನಾಡಿಗಳ ಕೈಗೂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಶಿಫಾರಸು ಮಾಡಿದೆ. ನಮ್ಮಲ್ಲಿ ಅದು ಮುಖ್ಯವಾಗಿ ಆಸ್ಪತ್ರೆಯ ಚುಚ್ಚುಮದ್ದಾಗಿಯೇ ಉಳಿದಿದೆ. ಆದ್ದರಿಂದ ಯಾರಾದರೂ ತುಟಿ ನೀಲಿಗಟ್ಟಿ, ಕರೆದರೂ ಏಳದೆ ಬಿದ್ದಿದ್ದರೆ ಪೊಲೀಸರಿಗೆ ಹೆದರಿ ಕೋಣೆಯ ಬಾಗಿಲು ಮುಚ್ಚಬೇಡಿ. ಮಗ್ಗುಲಿಗೆ ತಿರುಗಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ.

ಉದ್ಯೋಗದಾತರು ಈ ಸಭೆಯಲ್ಲಿ ಕೆಲವರಿದ್ದಾರೆ. ಅವರೊಂದಿಗೆ ಪ್ರತ್ಯೇಕವಾಗಿ ಮಾತನಾಡುತ್ತೇವೆ.

ಆಟೊ ಚಾಲಕರು ಮೊದಲ ನಾಲ್ಕು ವಾರ ಬೆಂಗಳೂರಿನಿಂದ ಬಂದು ಕೂರಲು ಒಪ್ಪಿದ್ದಾರೆ. ಈ ಊರಿನಿಂದಲೇ ಇಬ್ಬರು ಹೆಸರು ಕೊಟ್ಟಿದ್ದಾರೆ. ಅವರು ಯಾರೆಂದು ನಾವು ಹೇಳುವುದಿಲ್ಲ, ನೀವೂ ಕೇಳಬೇಡಿ. ಅವರಲ್ಲೊಬ್ಬರು ಈಗ ಇದೇ ಸಭಾಂಗಣದಲ್ಲಿ ಕುಳಿತು ನಮ್ಮ ಮಾತು ಕೇಳುತ್ತಿದ್ದಾರೆ. ಕೋಣೆಯ ಬಗ್ಗೆ ಅಧ್ಯಕ್ಷರು ಇಂದೇ ತೀರ್ಮಾನಿಸಿದರೆ ಬರುವ ಮಂಗಳವಾರ ಬೆಂಚುಗಳನ್ನು ಒರೆಸಿಡಬಹುದು. ಚಹಾದ ಖರ್ಚು ನಮ್ಮದು.